ಏಳು ಸೇರು ಕಡಿಮೆ

ಜ್ವರ ಬಿಟ್ಟ ಮರುದಿನವೇ ನಾನು ಪೂರ್ತಿ ಗುಣವಾಗಿದ್ದೇನೆ ಎಂದು ನನಗೆ ಖಾತ್ರಿಯಾಯಿತು. ಈ ವಿಷಯದಲ್ಲಿ ಡಾಕ್ಟರರಿಗೆ ಬೇರೆ ಅಭಿಪ್ರಾಯವಿತ್ತು. ಆದರೆ ಜ್ವರ ಬಂದದ್ದು ನನಗೋ ಅವರಿಗೋ?

ಇದು ನಿಜಾಮರ ಆಳ್ವಿಕೆಯ, ಯುದ್ಧದ ಕಾಲದ ಮಾತು. ನಾನು ಸಿಂಧನೂರಿನ ತಹಸೀಲು ಕಚೇರಿಯಲ್ಲಿ ಅಹಲಕಾರನಾಗಿದ್ದೆ. ಈಗಿನವರು ಇದಕ್ಕೆ ಗುಮಾಸ್ತ ಎನ್ನುತ್ತಾರೆ. ಅಹಲಕಾರ ಎಂದಾಗ ಸಂಬಳ ಅಷ್ಟೇ ಇದ್ದರೂ ಎದೆ ಎರಡು ಅಂಗುಲ ಅಗಲವಾಗುತ್ತಿತ್ತು. ತಹಸೀಲ್ದಾರ ಸಾಹೇಬರ ಕೋಣೆಯ ಬಾಗಿಲ ಪಕ್ಕಕ್ಕೇ ನನ್ನ ಗಾದಿ. ಮುಂದೆ ಇಳಿಜಾರು ಮೇಜು, ಅದರ ಮೇಲೆ ಎರಡು ಮಸಿಕುಡಿಕೆ. ಸಾಹೇಬರ ಬಾಯಿಂದ ಹೊರಟ ಹುಕುಂ ಮೊದಲು ನನ್ನ ಕಿವಿಗೆ, ಆಮೇಲೆ ನನ್ನ ಲೇಖನಿಗೆ, ಆಮೇಲಷ್ಟೇ ತಾಲೂಕಿಗೆ. ನನ್ನ ಉರ್ದು ಕೈಬರಹಕ್ಕೆ ಜಿಲ್ಲೆಯಲ್ಲೇ ಜೋಡಿಯಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಎಲ್ಲರೂ ಎಂದರೆ, ಮುಖ್ಯವಾಗಿ ನಾನು.

ಅಂಥ ನನಗೆ ವಿಷಮಜ್ವರ ಬಂತು. ಲಿಂಗಸುಗೂರಿನ ದವಾಖಾನೆಯಲ್ಲಿ ತಿಂಗಳ ಮೇಲೆ ಮಲಗಿದೆ. ಗಂಜಿಯ ತಿಳಿ, ಮೋಸಂಬಿಯ ರಸ, ಮತ್ತೆ ಗಂಜಿಯ ತಿಳಿ. ಜ್ವರ ಹೋಗುವಾಗ ಬರಿಗೈಯಲ್ಲಿ ಹೋಗಲಿಲ್ಲ. ತಲೆಗೂದಲು, ಕೆನ್ನೆ, ತೊಡೆ, ಎಲ್ಲವನ್ನೂ ಗಂಟು ಕಟ್ಟಿಕೊಂಡು ಹೋಯಿತು. ಮುಖದಲ್ಲಿ ಮೂಗೊಂದೇ ಮೊದಲಿನ ಅಳತೆಯಲ್ಲಿ ಉಳಿದಿತ್ತು.

“ಡಾಕ್ಟರ್ ಸಾಬ್, ನಾಳಿಂದ ಕಚೇರಿಗೆ ಹೋಗ್ತೀನ್ರಿ,” ಎಂದೆ.

ಡಾಕ್ಟರು ನರೆಗಡ್ಡದ ಹಿರಿಯರು. ಮಾತು ಕಡಿಮೆ. ಕನ್ನಡಕದ ಮೇಲಿನಿಂದ ನೋಡಿ, “ಎದ್ದು ನಿಲ್ಲು,” ಎಂದರು.

ನಿಂತೆ.

“ಕೂಡು.”

ಕೂತೆ.

“ಮತ್ತ ನಿಲ್ಲು.”

ನಾನು ನಿಂತೆ. ಧೋತರ ಕೂತೇ ಇತ್ತು!

“ದೇಖೋ ಅಮರಪ್ಪ,” ಎಂದರು ಡಾಕ್ಟರು, ಗಂಭೀರವಾಗಿ ಗೋಡೆಯ ಕಡೆ ನೋಡುತ್ತಾ, “ಜ್ವರ ಹೋಗ್ಯಾದ, ತಾಕತ್ ಬಂದಿಲ್ಲ. ನಾ ನಿಮ್ಮ ತಹಸೀಲ್ದಾರ ಸಾಹೇಬ್ರಿಗೆ ಕಾಗದ ಬರಿತೀನಿ. ದಿನಕ್ಕ ಮೂರು ತಾಸು ಹಗುರ ಕೆಲಸ, ಕುಂತು ಮಾಡೋದು. ವಾರಕ್ಕೊಮ್ಮಿ ತೂಕ. ಐವತ್ತಾರು ಸೇರು ಆದ ದಿನ ನಾನs ಪೂರಾ ಕೆಲಸಕ್ಕ ಸರ್ಟಿಫಿಕೇಟ್ ಕೊಡ್ತೀನಿ. ಅಲ್ಲೀ ತನಕ ನಿನ್ನ ಗಾದಿ ಮ್ಯಾಲ ಕೂಡಂಗಿಲ್ಲ.”

“ಸಿಂಧನೂರಾಗ ಮನುಷ್ಯಾರನ್ನ ತೂಗೋ ತಕ್ಕಡಿ ಇಲ್ರಲ್ಲ ಸಾಬ್?” ಎಂದೆ, ಗೆದ್ದವನ ಹಾಗೆ.

“ಹತ್ತಿ ತೂಗೋದು ಅದನೋ ಇಲ್ಲೋ?”



ಈ ಡಾಕ್ಟರೂ ನಮ್ಮ ತಹಸೀಲ್ದಾರರೂ ಒಬ್ಬರ ಮುಖವನ್ನೊಬ್ಬರು ಕಂಡವರಲ್ಲ. ಆದರೂ ಎರಡೇ ಕಾಗದಗಳಲ್ಲಿ ಹಳೆಯ ಗೆಳೆಯರಂತೆ ಒಂದಾಗಿಬಿಟ್ಟರು. ನನ್ನ ಸಲುವಾಗಿ ಒಂದಾದರು ಎಂದು ಈಗ ಬರೆಯುತ್ತೇನೆ. ಆಗ ನನ್ನ ವಿರುದ್ಧ ಎಂದೇ ನಂಬಿದ್ದೆ.

ಊರಿಗೆ ಹೊರಟ ದಿನ ಡಾಕ್ಟರು ಮೋಟಾರಿನ ಕಂಡಕ್ಟರನನ್ನೂ ಕರೆಸಿದರು. ಪೆಟ್ರೋಲಿಗೆ ಬರ ಬಂದ ಕಾಲ. ಮೋಟಾರು ಇದ್ದಿಲಿನ ಹೊಗೆಯಿಂದ ನಡೆಯುತ್ತಿತ್ತು. ನಡೆಯುತ್ತಿತ್ತು ಎಂಬುದು ಮರ್ಯಾದೆಗೆ ಆಡುವ ಮಾತು. ಗಂಡಸರೆಲ್ಲ ಇಳಿದು ನೂಕುವುದು ಟಿಕೀಟಿನಲ್ಲೇ ಸೇರಿದ ಕರಾರಾಗಿತ್ತು. “ಇವರನ್ನ ನೂಕಾಕ ಇಳಿಸಬ್ಯಾಡ,” ಎಂದು ಡಾಕ್ಟರು ಕಂಡಕ್ಟರನಿಗೆ ತಾಕೀತು ಮಾಡಿದರು.

ಮಸ್ಕಿ ದಾಟಿದ ಮೇಲೆ ಮೋಟಾರು ನಿಂತಿತು. ಕಂಡಕ್ಟರ ಎದ್ದು ನಿಂತು ಸಾರಿದ: “ಗಂಡಸರೆಲ್ಲಾ ಇಳೀರೆಪಾ! ಹೆಣ್ಮಕ್ಕಳು, ಮುದುಕರು, ಅಹಲಕಾರ ಸಾಹೇಬ್ರು ಕುಂತಿರ್ರಿ!”

ಮೋಟಾರಿನ ತುಂಬ ಕಣ್ಣುಗಳು ನನ್ನ ಮೇಲೆ ಬಿದ್ದವು. ಪಕ್ಕದಲ್ಲಿ ನನ್ನ ಹೆಂಡತಿ ಈರಮ್ಮ ನನ್ನ ಶೇರವಾನಿಯ ಚುಂಗು ಹಿಡಿದು, “ಸುಮ್ನ ಕೂಡ್ರಿ,” ಎಂದಳು. ಮಸ್ಕಿ ಅವಳ ತವರು. ಮಾವನ ಊರಿನ ಗಡಿಯಲ್ಲಿ ನಾನು ಹೆಣ್ಣುಮಕ್ಕಳ ಲೆಕ್ಕದಲ್ಲಿ ಕೂರುವುದೇ? ಇಳಿದೆ. ತೋಳೇರಿಸಿದೆ. ನೂಕಿದೆ. ಮೋಟಾರು ಹೊರಟಿತು. ನಾನು ಮಾತ್ರ ಅಲ್ಲೇ ರಸ್ತೆಯ ಮೇಲೆ, ನೂಕಿದ ಭಂಗಿಯಲ್ಲೇ ಬೋರಲು ಉಳಿದೆ.

ನೂಕಿದವರೇ ನನ್ನನ್ನು ಎತ್ತಿ ಮೋಟಾರಿಗೆ ಹಾಕಿದರು. ಸಿಂಧನೂರಿಗೆ ನಾನು ಪ್ರವೇಶ ಮಾಡಿದ್ದು ಮೆಣಸಿನಕಾಯಿ ಚೀಲಗಳ ಮೇಲೆ ಮಲಗಿಕೊಂಡು.

ಸುದ್ದಿ ನನಗಿಂತ ಮೊದಲು ಕಚೇರಿ ಸೇರಿತ್ತು. ಮರುದಿನ ತಹಸೀಲ್ದಾರ ಸಾಹೇಬರು ನನ್ನ ಸಲಾಮು ಸ್ವೀಕರಿಸಿ, “ಬಾ ಅಮರಪ್ಪ. ಮೋಟಾರು ಹ್ಯಾಂಗದ?” ಎಂದು ಕುಶಲ ಕೇಳಿದರು. ಆಮೇಲೆ ನನ್ನನ್ನು ದಫ್ತರಖಾನೆಗೆ, ಅಂದರೆ ಹಳೆಯ ಕಡತಗಳ ಕೋಣೆಗೆ, ತಾವೇ ಕರೆದುಕೊಂಡು ಹೋದರು. ಕಿಟಕಿಯ ಹತ್ತಿರ ಒಂದು ಬೆತ್ತದ ಕುರ್ಚಿ ಹಾಕಿಸಿದ್ದರು. ಹೂಜಿಯಲ್ಲಿ ಮಜ್ಜಿಗೆ. ಮೂಲೆಯಲ್ಲಿ ಒಂದು ಮರದ ಪೆಟ್ಟಿಗೆ.

“ಇದು ನಿನ್ನ ಕೆಲಸ,” ಎಂದರು ಪೆಟ್ಟಿಗೆ ತೋರಿಸಿ. “ಸರಕಾರಿ ಮೊಹರಿನ ತೂಕದ ಕಲ್ಲು ಅದಾವ. ಪೇಟ್ಯಾಗಿನ ಕಲ್ಲು ಖರೇನೋ ಖೋಟಾನೋ ಇವುಗಳ ಜೋಡಿ ಹಚ್ಚಿ ನೋಡ್ತೀವಿ. ಬೀಗದ ಕೈ ನಿನ್ನ ಹತ್ರ. ಎತ್ತಬ್ಯಾಡ. ಬರೇ ಕಾಯಿ.”

ಹಗುರ ಕೆಲಸವೆಂದರೆ ಕಬ್ಬಿಣದ ಕಲ್ಲು ಕಾಯುವುದು! ನಾನು ಕುರ್ಚಿಯಲ್ಲಿ ಕೂತು ಪೆಟ್ಟಿಗೆಯನ್ನು ನೋಡುತ್ತಿದ್ದೆ. ಪೆಟ್ಟಿಗೆ ನನ್ನನ್ನು ನೋಡುತ್ತಿತ್ತು. ಒಂದು ಕಡತ ಎತ್ತಲು ಕೈ ಚಾಚಿದರೆ ಸಾಕು, ಚಪರಾಸಿ ಹುಸೇನಸಾಬ ಎಲ್ಲಿದ್ದರೂ ಓಡಿಬರುತ್ತಿದ್ದ. “ಹಾಂ ಹಾಂ! ಸಾಹೇಬ್ರ ಹುಕುಂ ಅದರೀ. ನಿಮಗ ಯಾವ ಕಾಗದ ಬೇಕು ಹೇಳ್ರಿ, ನಾ ಹಿಡಕೊಂಡು ನಿಂದರ್ತೀನಿ, ನೀವು ಓದ್ರಿ.” ಮೂರು ತಾಸಾದ ಕೂಡಲೇ ಅವನೇ ನನ್ನ ಕೊಡೆ ತಂದು ಕೈಗಿಟ್ಟು ಮನೆಯ ದಾರಿ ತೋರಿಸುತ್ತಿದ್ದ. ಆ ದಾರಿ ನನಗೆ ಗೊತ್ತಿರಲಿಲ್ಲವೆಂಬಂತೆ!

ಇಷ್ಟನ್ನು ಸಹಿಸಬಹುದಿತ್ತು. ಸಹಿಸಲಾಗದ್ದು ಕಿಟಕಿ. ಕಿಟಕಿಯಿಂದ ಅಂಗಳದಾಚೆ ಸಾಹೇಬರ ಬಾಗಿಲು ಕಾಣುತ್ತಿತ್ತು. ಬಾಗಿಲ ಪಕ್ಕದಲ್ಲಿ, ನನ್ನ ಜಾಗದಲ್ಲಿ, ಒಂದು ಅಗಲವಾದ ಬೆನ್ನು. ಅದು ವಿರುಪಣ್ಣನ ಬೆನ್ನು. ನನ್ನ ಬದಲಿಗೆಂದು ತುರ್ವಿಹಾಳದ ಕಡೆಯಿಂದ ಕರೆಸಿದ ಹಿರಿಯ ಗುಮಾಸ್ತ. ಮೂರು ತಾಸೂ ನಾನು ಆ ಬೆನ್ನನ್ನು ನೋಡುತ್ತಿದ್ದೆ. ತೃಪ್ತ ಬೆನ್ನು. ಬೇರು ಬಿಟ್ಟ ಬೆನ್ನು. ಎದ್ದು ಹೋಗುವ ಯಾವ ಇರಾದೆಯೂ ಇಲ್ಲದ ಬೆನ್ನು!

ಇದರ ಮೇಲೆ ಇನ್ನೊಂದು ಸುದ್ದಿ ಬಂತು. ರಾಯಚೂರಿನಿಂದ ತಾಲೂಕುದಾರ ಸಾಹೇಬರು ತಪಾಸಣೆಗೆ ಬರುತ್ತಾರೆ. ಹೆಸರು ತಾಲೂಕುದಾರ ಎಂದಿದ್ದರೂ ಅವರು ಇಡೀ ಜಿಲ್ಲೆಯ ದೊರೆ, ಈಗಿನ ಕಲೆಕ್ಟರಿದ್ದ ಹಾಗೆ. ಬರುವ ತಿಂಗಳ ಒಂದು ಗುರುವಾರ ಗೊತ್ತಾಯಿತು. ಅವರು ಬಾಯಲ್ಲಿ ಹೇಳುವ ಶೆರಾ, ಅಂದರೆ ತಪಾಸಣೆಯ ಅಭಿಪ್ರಾಯ, ಬರೆದುಕೊಳ್ಳುವುದು ಬಾಗಿಲ ಪಕ್ಕದ ಗಾದಿಯವನ ಹಕ್ಕು. ಆ ಭಾಗ್ಯಕ್ಕಾಗಿ ನಾನು ಆರು ವರ್ಷ ಕೈಬರಹ ತಿದ್ದಿದ್ದೆ. ಆ ದಿನ ಅಲ್ಲಿ ವಿರುಪಣ್ಣ ಕೂತರೆ, ಆ ಗಾದಿ ಶಾಶ್ವತವಾಗಿ ಅವನದೇ. ನಾನು ಪೆಟ್ಟಿಗೆ ಕಾಯುತ್ತಾ ಮುದುಕನಾಗಬೇಕು.

ಗುರುವಾರದೊಳಗೆ ಐವತ್ತಾರು ಸೇರು. ಇದು ನನ್ನ ಪ್ರತಿಜ್ಞೆಯಾಯಿತು.

ಮೊದಲ ಸೋಮವಾರ ಹತ್ತಿ ಪೇಟೆಗೆ ಹೋದೆ. ಸಾಹುಕಾರರ ಅಂಗಡಿಯ ಮುಂದೆ ಮೂರು ಕಾಲಿನ ಕಂಬಕ್ಕೆ ದೊಡ್ಡ ತಕ್ಕಡಿ ತೂಗುಬಿಟ್ಟಿದ್ದರು. ಸರಪಳಿಗಳಲ್ಲಿ ಇಳಿಬಿದ್ದ ಎರಡು ಹಲಗೆಗಳು. ಒಂದರ ಮೇಲೆ ಹತ್ತಿ ತುಂಬಿದ ಅಂಡಿಗೆ, ಇನ್ನೊಂದರ ಮೇಲೆ ಕಲ್ಲು. ತೂಗುವವನು ಪಂಪಣ್ಣ. ಮೂವತ್ತು ವರ್ಷ ಹತ್ತಿ ತೂಗಿ ತೂಗಿ ಅವನ ಹುಬ್ಬು ಕೂಡ ಬೆಳ್ಳಗಾಗಿತ್ತು. ಡಾಕ್ಟರ ಚೀಟಿ ಓದಿಸಿಕೊಂಡು, ಒಂದೂ ಪ್ರಶ್ನೆ ಕೇಳದೆ, “ಹತ್ರಿ,” ಎಂದ.

ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಅವನು ಎದುರಿನ ಹಲಗೆಗೆ ಹತ್ತು ಸೇರಿನ ಕಲ್ಲುಗಳನ್ನು ಒಂದೊಂದಾಗಿ ಇಡುತ್ತಾ ರಾಗ ತೆಗೆದ. ಪೇಟೆಯಲ್ಲಿ ಎಣಿಕೆಗೆ ಒಂದು ಎನ್ನುವುದಿಲ್ಲ, ಶುಭವಾಗಲೆಂದು ಲಾಭ ಎನ್ನುತ್ತಾರೆ.

“ಲಾ...ಭ! ಎರಡೇ...! ಮೂರೇ...! ನಾಕೇ...! ಮ್ಯಾಲ ಏಳು! ಅಹಲಕಾರ ಸಾಹೇಬ್ರು ನಲವತ್ತೇಳು ಸೇರೋ...!”

ಪೇಟೆಯ ಮೂಲೆ ಮೂಲೆಗೂ ಕೇಳಿಸಿತು. ಯಾರೋ ವ್ಯಾಪಾರಿ ಒಳಗಿನಿಂದಲೇ, “ಭಾಳ ಹಗುರ ಮಾಲ್ ಬಿಡೋ,” ಎಂದ.

ಮನೆಯಲ್ಲಿ ಈರಮ್ಮ ಯುದ್ಧ ಸಾರಿದಳು. ಹಾಲು, ತುಪ್ಪ, ಸಜ್ಜಕ. ಒಂದು ವಾರದಲ್ಲಿ ಏರಿದ್ದು ಒಂದು ಸೇರು. ಈ ವೇಗದಲ್ಲಿ ಗುರುವಾರ ಬಂದು ಹೋಗಿ ಮಳೆಗಾಲವೂ ಮುಗಿಯುತ್ತಿತ್ತು. ಎರಡನೆಯ ಸೋಮವಾರ ನಾನು ಸ್ವಲ್ಪ ಬುದ್ಧಿ ಉಪಯೋಗಿಸಿದೆ. ಉಣ್ಣೆಯ ಶೇರವಾನಿ ತೊಟ್ಟು, ಅದರ ಮೇಲೆ ಬಗ್ಲೂಸು ಬಿಗಿದುಕೊಂಡು ಹೋದೆ. ಬಗ್ಲೂಸು ಎಂದರೆ ಆಗ ಸರಕಾರಿ ನೌಕರರು ಕಟ್ಟಿಕೊಳ್ಳಲೇಬೇಕಾಗಿದ್ದ ಹಿತ್ತಾಳೆ ಬಿಲ್ಲೆಯ ನಡುಪಟ್ಟಿ. ಜ್ವರದ ನಂತರ ಅದು ನನ್ನ ನಡುವಿನಲ್ಲಿ ನಿಲ್ಲದೆ ಮೊಣಕಾಲಿಗೆ ಇಳಿಯುತ್ತಿದ್ದುದರಿಂದ ಮೋಚಿಯ ಹತ್ತಿರ ಮೂರು ಹೊಸ ತೂತು ಹೊಡೆಸಿದ್ದೆ.

“ಐವತ್ತು!” ಎಂದು ಕೂಗಿದ ಪಂಪಣ್ಣ. ನಾನು ನಗುತ್ತಾ ಇಳಿಯುವಷ್ಟರಲ್ಲಿ ಅವನು ಅದೇ ರಾಗದಲ್ಲಿ ಮುಂದುವರಿಸಿದ: “ಚೀಲದ ತೂಕ ಎರಡು ಮುರದs... ನಲವತ್ತೆಂಟೋ...!”

“ಚೀಲ ಎಲ್ಲದಲೇ ಪಂಪಣ್ಣಾ?”

“ನಿಮ್ಮ ಅಂಗೀನs ಚೀಲರೀ ಸಾಹೇಬ್ರ. ಮಾಲ್ ಬ್ಯಾರೆ, ಚೀಲ ಬ್ಯಾರೆ. ಪೇಟಿ ಪದ್ಧತಿ ಅದು. ನಾ ಮಾಡಿದ್ದಲ್ಲ.”

ಆ ಕ್ಷಣದಲ್ಲಿ ನಾನು ಮರ್ಯಾದೆಯಿಂದ ಮನೆಗೆ ಹೋಗಿ ಹಾಲು ಕುಡಿಯಬೇಕಿತ್ತು. ಆದರೆ ನನಗೆ ಪಂಪಣ್ಣನ ಮಾತಿನಲ್ಲಿ ಒಂದು ಸಂದು ಕಂಡಿತು. ಅವನು ಮುರಿಯುವುದು, ಅಂದರೆ ಲೆಕ್ಕದಿಂದ ಕಳೆಯುವುದು, ಹೊರಗಿನ ಚೀಲವನ್ನು. ಒಳಗೇನಿದೆ ಎಂದು ಅವನಿಗೇನು ಗೊತ್ತು?

ನನ್ನ ಆರೈಕೆಗೆಂದು ಅತ್ತೆ ಮಸ್ಕಿಯಿಂದ ಬಂದಿದ್ದರು. ಹಲ್ಲಿಲ್ಲದ್ದರಿಂದ ಎಲೆ ಅಡಿಕೆ ಜಜ್ಜಿಕೊಳ್ಳಲು ಮೂರು ಸೇರಿನ ಕಬ್ಬಿಣದ ಕುಟ್ಟಾಣಿ ಜೊತೆಗೆ ತಂದಿದ್ದರು. ಮೂರನೆಯ ಸೋಮವಾರ ಬೆಳಿಗ್ಗೆ ಮನೆಯಲ್ಲಿ ಹುಡುಕಾಟ ನಡೆಯಿತು.

“ಏನ್ರೀ, ನಮ್ಮವ್ವನ ಕುಟ್ಟಾಣಿ ಕಂಡೀರೇನು?”

“ನಾ ಯಾಕ ಕಾಣ್ಲಿ? ನನಗ ಹಲ್ಲದಾವು,” ಎಂದು ಹೇಳಿ, ಹೊಟ್ಟೆ ಹಿಡಿದುಕೊಂಡು ಹೊರಬಿದ್ದೆ.

ಹಲಗೆಯ ಮೇಲೆ ಕೂರುವಾಗ ಸ್ವಲ್ಪ ವಾಲಿದೆ. ಶೇರವಾನಿಯ ಒಳಗೆ ಕುಟ್ಟಾಣಿಯ ಗುಂಡು ಅದರ ಬಾಯಿಗೆ ತಗುಲಿ “ಠಣ್” ಎಂದಿತು. ಸರಕಾರಿ ನೌಕರನ ಹೊಟ್ಟೆಯೊಳಗೆ ಗಂಟೆ!

ಪಂಪಣ್ಣ ಕೈಯಲ್ಲಿದ್ದ ಕಲ್ಲನ್ನು ಹಾಗೇ ಹಿಡಿದು ಆಲಿಸಿದ. “ಹೊಟ್ಟ್ಯಾಗ ಏನೋ ಬಾರಿಸಾಕತ್ತದಲ್ರೀ?”

“ಹಸಿವು,” ಎಂದೆ.

“ಹಾಂ,” ಎಂದ ಅವನು, ದೊಡ್ಡ ಮನಸ್ಸಿನಿಂದ. ತೂಕ ಐವತ್ತನಾಲ್ಕು ಬಂತು. “ಚೀಲ ಎರಡು, ಹಸಿವು ಮೂರು, ಒಟ್ಟು ಐದು ಮುರದs... ನಲವತ್ತೊಂಬತ್ತೋ...!” ಚೀಟಿ ಕೈಗಿಡುವಾಗ ಮೆಲ್ಲಗೆ ಹೇಳಿದ: “ಬೇಜಾರ ಆಗಬ್ಯಾಡ್ರಿ. ಹತ್ತ್ಯಾಗ ನೀರು ಹೊಡಿತಾರ, ಹರಳು ಹಾಕ್ತಾರ, ಹತ್ತಿಕಾಳು ತುಂಬತಾರ. ಎಲ್ಲಾ ನೋಡೀನಿ. ಆದ್ರ ಕುಟ್ಟಾಣಿ ಇದs ಮೊದಲು.”

ಅತ್ತೆಯವರಿಗೆ ಅಂದು ಮಧ್ಯಾಹ್ನದವರೆಗೆ ಎಲೆಯಡಿಕೆ ಸಿಗಲಿಲ್ಲ. ಅವರು ನನ್ನ ಮೂರು ತಲೆಮಾರುಗಳನ್ನು ನೆನೆದರು.

ಉಳಿದದ್ದು ಒಂದೇ ಸೋಮವಾರ. ಸೋಮವಾರ ಸಂಜೆಯ ಮೋಟಾರಿಗೆ ಚೀಟಿ ಲಿಂಗಸುಗೂರಿಗೆ ಹೋದರೆ ಬುಧವಾರ ಡಾಕ್ಟರ ಸರ್ಟಿಫಿಕೇಟು ಬರುತ್ತದೆ. ಗುರುವಾರ ಗಾದಿ. ಬೇಕಾದದ್ದು ಏಳು ಸೇರು. ಅದು ಸದ್ದು ಮಾಡಬಾರದು. ದೊಡ್ಡದಾಗಿ ಉಬ್ಬಿ ಕಾಣಬಾರದು. ಹೀಗೆ ಯೋಚಿಸುತ್ತಾ ದಫ್ತರಖಾನೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದೆ. ಎದುರಿಗೆ ಪೆಟ್ಟಿಗೆ ನನ್ನನ್ನೇ ನೋಡುತ್ತಿತ್ತು.

ನಾನು ಕಳ್ಳನಲ್ಲ. ಇದನ್ನು ಓದುಗರು ಗಮನಿಸಬೇಕು. ಬೀಗದ ಕೈ ನನ್ನ ಹತ್ತಿರವೇ ಇತ್ತು. ಕಲ್ಲುಗಳನ್ನು ಕಾಯುವುದು ನನ್ನ ಕರ್ತವ್ಯ. ಅವುಗಳನ್ನು ನಡುವಿಗೆ ಕಟ್ಟಿಕೊಂಡು ಕಾಯುವುದಕ್ಕಿಂತ ಹೆಚ್ಚಿನ ಕಾವಲು ಯಾವುದಿದೆ? ಹೀಗೆ ವಾದಿಸಿ ನನ್ನನ್ನು ನಾನೇ ನಿರ್ದೋಷಿಯೆಂದು ಬಿಡುಗಡೆ ಮಾಡಿಕೊಂಡೆ. ಸೋಮವಾರ ಬೆಳಿಗ್ಗೆ ಬೇಗ ಹೋಗಿ ಐದು ಸೇರಿನ ಕಲ್ಲೊಂದು, ಒಂದೊಂದು ಸೇರಿನವು ಎರಡು ತೆಗೆದು, ಪಂಜೆಯಲ್ಲಿ ಸುತ್ತಿ, ಹೊಟ್ಟೆಗೆ ಕಟ್ಟಿದೆ. ಮೇಲೆ ಶೇರವಾನಿ. ಅದರ ಮೇಲೆ ಬಗ್ಲೂಸು ಬಿಗಿದೆ. ಪೆಟ್ಟಿಗೆಯಲ್ಲಿ ಅರ್ಧ ಸೇರು, ಪಾವು ಸೇರಿನ ಮರಿಗಳಷ್ಟೇ ಉಳಿದವು.

ದಾರಿಯಲ್ಲಿ ಎದುರಾದವರೆಲ್ಲ ನನ್ನ ಹೊಟ್ಟೆ ನೋಡಿ ಸಂತೋಷಪಟ್ಟರು. “ಮೈ ಹಿಡದದ ನೋಡ್ರಿ ಈಗ!” ಎಂದರು. ನಾನು ಗರ್ಭಿಣಿಯ ಹಾಗೆ ಹಿಂದಕ್ಕೆ ವಾಲಿ ಮೆಲ್ಲಗೆ ನಡೆಯುತ್ತಾ ಎಲ್ಲರಿಗೂ ತಲೆದೂಗಿದೆ.

ಹಲಗೆಯ ಮೇಲೆ ಕೂತೆ. ಸದ್ದಿಲ್ಲ. ಪಂಪಣ್ಣ ಕಲ್ಲಿಟ್ಟ. ಲಾಭ, ಎರಡು, ಮೂರು, ನಾಕು, ಐದು, ಮೇಲೆ ಎಂಟು. ತಕ್ಕಡಿಯ ನಾಲಿಗೆ ನಡುವೆ ನಿಂತಿತು. ಪಂಪಣ್ಣ ನನ್ನನ್ನು ಸುತ್ತು ಹಾಕಿ ನೋಡಿದ. ನನ್ನ ಕುತ್ತಿಗೆ ನೋಡಿದ. ಕುತ್ತಿಗೆ ಮೊದಲಿನಷ್ಟೇ ಇತ್ತು. ಹೊಟ್ಟೆ ನೋಡಿದ. ತಲೆ ಕೆರೆದುಕೊಂಡ.

“ಐವತ್ತೆಂಟು... ಚೀಲ ಎರಡು ಮುರದs... ಐವತ್ತಾರೋ...!”

ಐವತ್ತಾರು! ಡಾಕ್ಟರು ಹೇಳಿದಷ್ಟೇ, ಒಂದು ಗುಲಗಂಜಿ ಹೆಚ್ಚಿಲ್ಲ, ಕಡಿಮೆಯಿಲ್ಲ. ನಾನು ಸರಪಳಿ ಹಿಡಿದು ನೆಲದಿಂದ ಮೊಳದೆತ್ತರದಲ್ಲಿ ತೂಗುತ್ತಾ, ವಿರುಪಣ್ಣನ ಬೆನ್ನು ತುರ್ವಿಹಾಳದ ದಾರಿ ಹಿಡಿಯುವುದನ್ನು ಕಣ್ಣಾರೆ ಕಂಡೆ.

ಆಗ ಪೇಟೆಯ ಬಾಯಿಯಲ್ಲಿ ಮೋಟಾರಿನ ಸದ್ದಾಯಿತು. ಇದ್ದಿಲಿನದಲ್ಲ. ಪೆಟ್ರೋಲಿನದು! ಆ ಕಾಲದಲ್ಲಿ ಪೆಟ್ರೋಲು ಸುಡುವ ಯೋಗ್ಯತೆ ಜಿಲ್ಲೆಯಲ್ಲಿ ಬೆರಳೆಣಿಕೆಯವರಿಗಿತ್ತು.

ತಾಲೂಕುದಾರ ಸಾಹೇಬರು ಗುರುವಾರಕ್ಕೆ ಕಾಯದೆ ಸೋಮವಾರವೇ ಬಂದಿದ್ದರು. ಪೇಟೆಯ ತೂಕದ ಮೇಲೆ ದೂರುಗಳು ಹೋಗಿದ್ದವಂತೆ. ಹೇಳಿ ಬಂದರೆ ಕಲ್ಲುಗಳೆಲ್ಲ ಖರೇ ಆಗಿಬಿಡುತ್ತವೆಂದು ಹೇಳದೆ ಬಂದರು. ಹಿಂದೆ ನಮ್ಮ ತಹಸೀಲ್ದಾರ ಸಾಹೇಬರು ರುಮಾಲು ಸರಿಮಾಡಿಕೊಳ್ಳುತ್ತಾ ಬರುತ್ತಿದ್ದರು. ಅವರ ಹಿಂದೆ ಹುಸೇನಸಾಬ, ತಲೆಯ ಮೇಲೆ ಆ ಪೆಟ್ಟಿಗೆ. ಯಾವಾಗಲೂ ಏದುಸಿರು ಬಿಡುತ್ತಾ ಹೊರುವ ಪೆಟ್ಟಿಗೆಯನ್ನು ಅವನು ಅಂದು ಒಂದೇ ಕೈಯಲ್ಲಿ ಹಿಡಿದು ಹೂವಿನ ಬುಟ್ಟಿಯಂತೆ ತರುತ್ತಿದ್ದ. ತನ್ನ ತಾಕತ್ತಿಗೆ ತಾನೇ ಬೆರಗಾದಂತೆ ಮುಖ ಅರಳಿತ್ತು.

“ಸರಕಾರಿ ಕಲ್ಲು ತೆಗೀರಿ,” ಎಂದು ಹುಕುಂ ಆಯಿತು. ತಾಲೂಕುದಾರರು ಆಡುತ್ತಿದ್ದುದು ಉರ್ದುವಿನಲ್ಲಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಯಾವ ಭಾಷೆಯಲ್ಲಾದರೂ ನನ್ನ ರಕ್ತ ಅಷ್ಟೇ ತಣ್ಣಗಾಗುತ್ತಿತ್ತು.

ಕಚೇರಿಯಲ್ಲಿದ್ದ ಇನ್ನೊಂದು ಬೀಗದ ಕೈಯಿಂದ ಬೀಗ ತೆಗೆದರು. ಒಳಗೆ ಎರಡು ಮರಿಗಳು ಮುಖ ಮುಖ ನೋಡಿಕೊಂಡು ಕೂತಿದ್ದವು. ಹುಸೇನಸಾಬನ ಅರಳಿದ ಮುಖ ಮುದುಡಿತು.

“ಉಳಿದವು?” ಎಂದರು ತಾಲೂಕುದಾರರು.

ತಹಸೀಲ್ದಾರರು ಪೆಟ್ಟಿಗೆಯೊಳಗೆ ಕೈಯಾಡಿಸಿದರು. ಪೆಟ್ಟಿಗೆ ಅವರ ಕಚೇರಿಯದು. ಸರಕಾರಿ ಕಲ್ಲು ಕಾಣೆಯಾದರೆ ಮೊದಲು ಉತ್ತರ ಕೊಡಬೇಕಾದವರು ಅವರು. “ಹುಜೂರ್, ಕಾಯೋ ಅಹಲಕಾರ...” ಎನ್ನುತ್ತಾ ಸುತ್ತ ನೋಡಿದರು. ಕಾಯುವ ಅಹಲಕಾರ ಎದುರಿಗೇ ತಕ್ಕಡಿಯಲ್ಲಿ ತೂಗುತ್ತಿದ್ದ.

ಜಿಲ್ಲೆಯ ದೊರೆಗಳು ಎದುರಿಗಿರುವಾಗ ಕೂತೇ ಇರಲು ಸಾಧ್ಯವೇ? ನಾನು ಹಲಗೆಯ ಮೇಲೆ ಮಂಡಿಯೂರಿ ಎದ್ದು, ನಡು ಬಗ್ಗಿಸಿ, ಪದ್ಧತಿಯ ಪ್ರಕಾರ ಸಲಾಮು ಮಾಡಿದೆ. ಸಲಾಮು ನಿರ್ದೋಷವಾಗಿತ್ತು. ಮೋಚಿ ಹೊಡೆದ ಮೂರು ತೂತುಗಳು ಮಾತ್ರ ಆ ಬಾಗುವಿಕೆಯನ್ನು ತಾಳಲಿಲ್ಲ. ಬಗ್ಲೂಸು ಚರ್ರೆಂದು ಹರಿಯಿತು. ಪಂಜೆ ಸಡಿಲಿತು.

ದುಡುಂ! ಐದು ಸೇರು.

ದುಡುಂ! ದುಡುಂ! ಒಂದು, ಮತ್ತೊಂದು.

ಕಲ್ಲುಗಳು ನೆಲಕ್ಕೆ ಬಿದ್ದವು. ತಕ್ಕಡಿ ತನ್ನ ಧರ್ಮ ಪಾಲಿಸಿತು. ಏಳು ಸೇರು ಹಗುರಾದ ನನ್ನ ಹಲಗೆ ಸೊಯ್ಯನೆ ಮೇಲೇರಿತು. ಎದುರಿನದು ನೆಲ ಕಚ್ಚಿತು. ನಾನು ಎರಡೂ ಕೈಯಲ್ಲಿ ಸರಪಳಿ ತಬ್ಬಿಕೊಂಡು, ಜಿಲ್ಲೆಯ ದೊರೆಗಳಿಗಿಂತ ಎತ್ತರದಲ್ಲಿ, ಮೆಲ್ಲಗೆ ತಿರುಗುತ್ತಾ ನಿಂತೆ. ನನ್ನ ನೌಕರಿಯಲ್ಲಿ ನಾನು ಏರಿದ ಅತಿ ದೊಡ್ಡ ಎತ್ತರ ಅದೇ.

ತಾಲೂಕುದಾರರು ಐದು ಸೇರಿನ ಕಲ್ಲನ್ನು ಬೆತ್ತದ ತುದಿಯಿಂದ ಹೊರಳಿಸಿ ಮೊಹರು ನೋಡಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. ಅವರ ಒಂದು ಮಾತಿಗೆ ನನ್ನ ಗಾದಿ, ಕುರ್ಚಿ, ಮಜ್ಜಿಗೆ, ಅನ್ನ ಎಲ್ಲವೂ ಹೋಗುತ್ತಿತ್ತು. ಕೈ ಬಿಡುವಂತಿರಲಿಲ್ಲ, ತಲೆ ಬಗ್ಗಿಸಿಯೇ ಇನ್ನೊಂದು ಸಲಾಮು ಮಾಡಿದೆ. ಅದಕ್ಕೆ ಸರಪಳಿ ಗಲಗಲ ಎಂದಿತು.

“ಯಾರು ಇವನು?”

ತಹಸೀಲ್ದಾರ ಸಾಹೇಬರು ಮುಂದೆ ಬಂದರು. ಅವರು ಆಗ ನನ್ನನ್ನು ಗುರುತಿಲ್ಲವೆಂದಿದ್ದರೂ ನಾನು ತಪ್ಪು ತಿಳಿಯುತ್ತಿರಲಿಲ್ಲ. “ಹುಜೂರ್, ನಮ್ಮ ಅಹಲಕಾರ. ವಿಷಮಜ್ವರದಿಂದ ಎದ್ದಾನ. ಐವತ್ತಾರು ಸೇರಾಗೋ ತನಕ ಪೂರಾ ಕೆಲಸ ಇಲ್ಲ ಅಂತ ಡಾಕ್ಟರ್ ಬರದಾರ. ಇವನಿಗೆ...” ನನ್ನ ಕಡೆ ನೋಡಿ ನಿಟ್ಟುಸಿರಿಟ್ಟರು. “...ಕೆಲಸದ ಮ್ಯಾಲ ಭಾಳ ಪ್ರೀತಿ.”

“ಇವನ ಖರೇ ತೂಕ ಎಷ್ಟು?”

ಪಂಪಣ್ಣ ಕೈಮುಗಿದು, ಮೂವತ್ತು ವರ್ಷದ ಹೆಮ್ಮೆಯಿಂದ ಹೇಳಿದ: “ನಲವತ್ತೊಂಬತ್ರೀ ಹುಜೂರ. ನನಗ ಕುತ್ತಿಗಿ ನೋಡಿದಾಗs ಸಂಶೇ ಬಂದಿತ್ತು. ಏಳು ಮುರೀಬೇಕಂತ ಬಾಯಿ ತನಕ ಬಂದಿತ್ರೀ, ಅಷ್ಟ್ರಾಗ ನೀವು ಬಂದ್ರಿ.”

ನನ್ನನ್ನು ಇಬ್ಬರು ಹಮಾಲರು ಅಂಡಿಗೆ ಇಳಿಸುವಂತೆ ಇಳಿಸಿದರು. ಆಮೇಲೆ ತಪಾಸಣೆ ಶುರುವಾಯಿತು. ನನ್ನ ಹೊಟ್ಟೆಯ ಮೇಲೆ ಬೆಚ್ಚಗಾಗಿದ್ದ ಸರಕಾರಿ ಕಲ್ಲುಗಳ ಜೊತೆ ಪೇಟೆಯ ಕಲ್ಲುಗಳನ್ನು ಒಂದೊಂದಾಗಿ ಹಚ್ಚಿ ನೋಡಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ತಾಲೂಕುದಾರರು ಕುರ್ಚಿಯಲ್ಲಿ ಕೂತು, “ಶೆರಾ ಬರಕೊಳ್ಳಿ,” ಎಂದರು.

ವಿರುಪಣ್ಣ ಕಚೇರಿಯಲ್ಲಿದ್ದ. ಪೇಟೆಯಲ್ಲಿ ಸರಕಾರದ ಅಹಲಕಾರನೆಂದು ಇದ್ದವನು ನಾನೊಬ್ಬನೇ!

ಹರಿದ ಬಗ್ಲೂಸನ್ನು ಎಡಗೈಯಲ್ಲಿ ಹಿಡಿದುಕೊಂಡು, ಹತ್ತಿಯ ಅಂಡಿಗೆಯ ಮೇಲೆ ಕಾಗದ ಹರವಿ ಕೂತೆ. ಆರು ವರ್ಷ ಕನಸು ಕಂಡ ಘಳಿಗೆ. ತಾಲೂಕುದಾರರು ನಿಧಾನವಾಗಿ, ಅಕ್ಷರ ತಪ್ಪದಂತೆ ಹೇಳಿದರು. ನಾನು ಬರೆದೆ:

“ಪೇಟೆಯ ಕಲ್ಲುಗಳು ಸರಿಯಾಗಿವೆ. ತಕ್ಕಡಿ ಸರಿಯಾಗಿದೆ. ತೂಗುವವನು ಪ್ರಾಮಾಣಿಕ. ಅಹಲಕಾರ ಏಳು ಸೇರು ಕಡಿಮೆ. ಕಡಿಮೆ ತುಂಬುವವರೆಗೆ ಡಾಕ್ಟರರು ಹೇಳಿದಂತೆ ಮೂರು ತಾಸಿಗಿಂತ ಹೆಚ್ಚು ಕೆಲಸ ಮಾಡತಕ್ಕದ್ದಲ್ಲ.”

ಕಾಗದ ತೆಗೆದುಕೊಂಡು ಓದುವಾಗ ಮೊದಲ ಬಾರಿ ಅವರ ಮೀಸೆ ಅಲುಗಿತು. “ಕೈಬರಹ ಬಹಳ ಚೆನ್ನಾಗಿದೆ,” ಎಂದರು.

ಕಚೇರಿಗೆ ಮರಳಿದ ಮೇಲೆ ತಹಸೀಲ್ದಾರ ಸಾಹೇಬರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸುಖವಿತ್ತು. ಕೈ ಹಿಡಿದು ಬಾಗಿಲ ಪಕ್ಕಕ್ಕೆ ಕರೆತಂದರು. ನಾನು ತಿಂಗಳಿಂದ ಬೆನ್ನು ಮಾತ್ರ ಕಂಡಿದ್ದ ವಿರುಪಣ್ಣನನ್ನು ಮೊದಲ ಬಾರಿಗೆ ಮುಂದಿನಿಂದ ನೋಡಿದೆ. ಅವನು ನನ್ನ ಗಾದಿಯ ಮೇಲೆ ಕೂತಿರಲಿಲ್ಲ. ಪಕ್ಕದಲ್ಲಿ ಈಚಲು ಚಾಪೆ ಹಾಸಿಕೊಂಡು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದ. ಗಾದಿಯ ಮೇಲೆ ಬಿಳಿ ಬಟ್ಟೆ ಮುಚ್ಚಿತ್ತು. ಮಸಿಕುಡಿಕೆಗಳೆರಡೂ ಒರೆಸಿದಂತೆ ಹೊಳೆಯುತ್ತಿದ್ದವು.

“ನಾ ಯಾಕ ಅದರ ಮ್ಯಾಲ ಕೂಡ್ಲಿರಿ?” ಎಂದ ವಿರುಪಣ್ಣ. “ಅದು ನಿಮ್ಮದು. ಬಂದ ದಿನಾನs ಸಾಹೇಬ್ರು ಹೇಳ್ಯಾರ. ಜಲ್ದಿ ಮೈ ತುಂಬ್ಕೊಳ್ರಿ ಮಾರಾಯ್ರ, ಚಾಪಿ ಮ್ಯಾಲ ಕುಂತು ಕುಂತು ನನ್ನ ನಡಾ ಹೋಗ್ಯಾದ. ಊರಾಗ ಮಗಳ ಬಾಣಂತನ ಅದ. ನೀವು ಕಿಟಕ್ಯಾಗಿಂದ ದಿನಾ ನೋಡ್ತಿದ್ರಿ, ಪಾಪ ನನ್ನ ಕಷ್ಟ ನೋಡಿ ಮರಗಾಕತ್ಯಾರ ಅಂದ್ಕೊಂಡಿದ್ದೆ.”

ಸಾಹೇಬರು ಡಾಕ್ಟರಿಗೆ ಬರೆದ ಕಾಗದದ ನಕಲನ್ನು ನನ್ನ ಮುಂದೆ ಹಿಡಿದರು. “ನೌಕರನ ಜಾಗ ನೌಕರನದೇ. ತಾವು ಅವನನ್ನು ಗುಣಮಾಡಿ. ಗಾದಿಯನ್ನು ನಾನು ಕಾಯುತ್ತೇನೆ,” ಎಂದಿತ್ತು. ಸರಕಾರ ನನಗೆ ಪೆಟ್ಟಿಗೆ ಕಾಯಲು ಹೇಳಿತ್ತು, ತಾನು ನನ್ನ ಗಾದಿ ಕಾಯುತ್ತಿತ್ತು. ಎರಡರಲ್ಲಿ ಒಂದು ಕಾವಲು ಮಾತ್ರ ನೆಟ್ಟಗೆ ನಡೆದಿತ್ತು.

ಮನೆಯಲ್ಲಿ ಈರಮ್ಮ ಎಲ್ಲವನ್ನೂ ಕೇಳಿ, “ಏಳು ಸೇರು ಮೈಯಾಗಿಂದಷ್ಟs ಬರದಾರೇನು? ತಲ್ಯಾಗಿಂದು ತೂಗಲಿಲ್ಲೇನು?” ಎಂದಳು. ಅತ್ತೆ ಆ ದಿನದಿಂದ ಕುಟ್ಟಾಣಿಯನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗಿದರು.

ಡಾಕ್ಟರಿಂದ ಒಂದು ಸಾಲಿನ ಉತ್ತರ ಬಂತು: ಇನ್ನು ಮುಂದೆ ರೋಗಿಯನ್ನು ಲಂಗೋಟಿಯಲ್ಲಿ ತೂಗತಕ್ಕದ್ದು. ಅದರಂತೆ ನಾಲ್ಕು ತಿಂಗಳು ಪ್ರತಿ ಸೋಮವಾರ, ಸಿಂಧನೂರಿನ ಹತ್ತಿ ಪೇಟೆಯಲ್ಲಿ, ಹಾಡುಹಗಲಿನಲ್ಲಿ, ಚೀಲವಿಲ್ಲದ ಮಾಲಾಗಿ ತೂಗಿಸಿಕೊಂಡೆ. ಮುಕ್ಕುಂದದಿಂದ ಬಂದ ರೈತರು ಕೂಡ ಗಾಡಿ ನಿಲ್ಲಿಸಿ ನನ್ನ ಧಾರಣೆ ವಿಚಾರಿಸಿ ಹೋಗುತ್ತಿದ್ದರು. “ಐವತ್ತಾರೋ...!” ಎಂದು ಪಂಪಣ್ಣ ಕೂಗಿದ ದಿನ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವನು ವಿರುಪಣ್ಣ. ಅವನು ಅಂದೇ ಚಾಪೆ ಸುತ್ತಿಕೊಂಡು ಊರಿಗೆ ಹೊರಟ.

ನಾನು ಗಾದಿಗೆ ಬಂದೆ. ಶೆರಾ ಮಾತ್ರ ದಫ್ತರದಲ್ಲಿ ಉಳಿಯಿತು. ತಪಾಸಣೆಗೆ ಬಂದ ಪ್ರತಿಯೊಬ್ಬ ಅಧಿಕಾರಿಯೂ ಹಿಂದಿನ ಶೆರಾ ಓದುತ್ತಿದ್ದ, ಪೆಟ್ಟಿಗೆ ತರಿಸಿ ಕಲ್ಲು ಎಣಿಸುತ್ತಿದ್ದ, ಆಮೇಲೆ ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡುತ್ತಿದ್ದ.

ನಿಜಾಮರ ಸರಕಾರ ಹೋಯಿತು. ಶೇರವಾನಿ, ಬಗ್ಲೂಸು ಹೋದವು. ಸೇರು ಹೋಗಿ ಕಿಲೋ ಬಂತು. ಹಳೆಯ ಉರ್ದು ಕಾಗದಗಳನ್ನೆಲ್ಲ ಕನ್ನಡಕ್ಕೆ ಇಳಿಸಬೇಕೆಂದು ಹೊಸ ಅಧಿಕಾರಿಯ ಅಪ್ಪಣೆಯಾಯಿತು. ಕಚೇರಿಯಲ್ಲಿ ಉರ್ದು ಓದಬಲ್ಲವನು ನಾನೊಬ್ಬನೇ ಉಳಿದಿದ್ದೆ. ಒಂದು ದಿನ ಆ ಹಾಳೆ ಕೈಗೆ ಬಂತು. ನನ್ನದೇ ಅಕ್ಷರ, ಮುತ್ತಿನ ಹಾಗೆ. ಅಲ್ಲಿ ಏನಿದೆಯೆಂದು ನನ್ನನ್ನು ಬಿಟ್ಟರೆ ಇಡೀ ಕಚೇರಿಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಬೇಕಾದ್ದು ಬರೆಯಬಹುದಿತ್ತು. ಆದರೆ ನನ್ನ ಗಾದಿ ಕಾದವರು ನೆನಪಾದರು. ಕಲ್ಲುಗಳು ಸರಿ, ತಕ್ಕಡಿ ಸರಿ, ತೂಗುವವನು ಪ್ರಾಮಾಣಿಕ ಎಂದು ಇದ್ದದ್ದು ಇದ್ದ ಹಾಗೆ ಇಳಿಸಿದೆ. ಕೊನೆಗೆ ನನ್ನ ಸಾಲು. ಅದನ್ನೂ ನಿಷ್ಠೆಯಿಂದ ಬರೆದೆ.

ಒಂದೇ ಒಂದು ಸಣ್ಣ ಬದಲಾವಣೆ ಮಾಡಿದೆ. ಏಳು ಸೇರನ್ನು ಕಿಲೋಗೆ ಹಾಕಿದರೆ ಆರೂವರೆಯಾಗುತ್ತದೆ. “ಅಹಲಕಾರ ಆರೂವರೆ ಕಿಲೋ ಕಡಿಮೆ,” ಎಂದು ಬರೆದೆ. ಕಾಗದದ ಮೇಲಾದರೂ ಏಳರಲ್ಲಿ ಅರ್ಧ ಇಳಿದು, ಅಷ್ಟು ಸುಧಾರಿಸಿದಂತೆ ಕಾಣಲಿ ಎಂಬ ಆಸೆ.

ಸಹಿ ಹಾಕಿದ ಮೇಲೆ ಹೊಳೆಯಿತು: ಮತ್ತೆ ತೂಕದಲ್ಲಿ ಮೋಸ!